ಆಫ್ರಿಕಾದಿಂದ ವಾಪಸ್ ಬರೋವಾಗ ಏರ್‌ಪೋರ್ಟ್‌ನಲ್ಲಿ ಕೇಳೋ ಆ ಹಳದಿ ಕಾರ್ಡ್

ಇವತ್ತು ನಾವು ಮಾತಾಡೋದು ಒಂದು ಪುಟ್ಟ ಹಳದಿ ಪುಸ್ತಕದ ಬಗ್ಗೆ. ಪಾಸ್‌ಪೋರ್ಟ್ ಇದೆ, ವೀಸಾ ಇದೆ, ಟಿಕೆಟ್ ಇದೆ, ಆದ್ರೆ ಇದೊಂದು ಇಲ್ಲ ಅಂದ್ರೆ ನಮ್ಮದೇ ಊರಿನ ಏರ್‌ಪೋರ್ಟ್‌ನಿಂದ ಮನೆಗೆ ಹೋಗೋಕೆ ಬಿಡದೇ ಇರಬಹುದು.

2023ರ ಏಪ್ರಿಲ್ ತಿಂಗಳು ನೆನಪಿಸಿಕೊಳ್ಳಿ. ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾಗಿತ್ತು. ಅಲ್ಲಿದ್ದ ಭಾರತೀಯರನ್ನು ಕರೆತರಲು ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿತು. ಏಪ್ರಿಲ್ 28ರಂದು 362 ಜನರನ್ನು ಹೊತ್ತ ವಿಮಾನ ಬೆಂಗಳೂರಿಗೆ ಬಂತು. ಹೀಗೆ ಬಂದವರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರೋಕೆ ಅವರು ಆಫ್ರಿಕಾದ ದೇಶಗಳಿಗೆ ಹೋಗಿಬರೋದು ಹೊಸದೇನಲ್ಲ. ಗುಂಡಿನ ಸದ್ದಿನಿಂದ ತಪ್ಪಿಸಿಕೊಂಡು ಬಂದವರಲ್ಲಿ ಕೆಲವರು ಬೆಂಗಳೂರಲ್ಲಿ ಇಳಿದ ಮೇಲೂ ಮನೆಗೆ ಹೋಗೋಕೆ ಆಗಲಿಲ್ಲ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ದಾಖಲೆ ಇಲ್ಲ ಅಂತ ಅವರನ್ನು ಕ್ವಾರಂಟೈನ್‌ಗೆ ಕಳಿಸಲಾಯಿತು. ಆ ದಿನಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಲೆಕ್ಕದ ಪ್ರಕಾರ, ಅಲ್ಲಿಯವರೆಗೆ ದೇಶಕ್ಕೆ ಬಂದಿದ್ದ 1,191 ಮಂದಿಯಲ್ಲಿ 117 ಮಂದಿ ಇದೇ ಕಾರಣಕ್ಕೆ ಕ್ವಾರಂಟೈನ್‌ನಲ್ಲಿದ್ದರು.

ಯುದ್ಧಭೂಮಿಯಿಂದ ಬಂದವರಿಗೇ ವಿನಾಯಿತಿ ಇಲ್ಲ ಅಂದ್ರೆ, ಸಫಾರಿ ನೋಡೋಕೆ ಹೋದವರಿಗೆ, ಕಂಪನಿ ಕೆಲಸಕ್ಕೆ ಹೋದವರಿಗೆ ಸಿಗುತ್ತಾ? ಖಂಡಿತ ಇಲ್ಲ.

ಇಷ್ಟೊಂದು ಕಟ್ಟುನಿಟ್ಟು ಯಾಕೆ?

ಹಳದಿ ಜ್ವರ, ಅಂದ್ರೆ ಯೆಲ್ಲೋ ಫೀವರ್, ಸೊಳ್ಳೆಯಿಂದ ಹರಡೋ ವೈರಸ್ ಕಾಯಿಲೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿದೆ. ಕಾಯಿಲೆ ಜೋರಾದ್ರೆ ಯಕೃತ್ತಿಗೆ ಪೆಟ್ಟು ಬಿದ್ದು ಕಣ್ಣು, ಚರ್ಮ ಹಳದಿಯಾಗುತ್ತೆ. ಹೆಸರು ಬಂದಿರೋದು ಅದರಿಂದಲೇ. ಹಾಗೆ ತೀವ್ರ ಹಂತಕ್ಕೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಬದುಕೋದಿಲ್ಲ. ವೈರಸ್ಸನ್ನೇ ಕೊಲ್ಲೋ ಔಷಧಿ ಇಲ್ಲ. ಲಸಿಕೆಯೊಂದೇ ರಕ್ಷಣೆ.

ಭಾರತದಲ್ಲಿ ಈ ಕಾಯಿಲೆ ಇಲ್ಲ. ಆದ್ರೆ ಅದನ್ನು ಹರಡೋ ಈಡಿಸ್ ಸೊಳ್ಳೆ ಇದೆ. ಹೌದು, ಪ್ರತಿ ಮಳೆಗಾಲದಲ್ಲೂ ನಮಗೆ ಡೆಂಗಿ ತರೋ ಅದೇ ಸೊಳ್ಳೆ. ಜೊತೆಗೆ ನಮ್ಮಲ್ಲಿ ಬಹುತೇಕ ಯಾರಿಗೂ ಈ ಲಸಿಕೆ ಆಗಿಲ್ಲ. ಸೊಳ್ಳೆ ರೆಡಿ ಇದೆ, ರಕ್ಷಣೆ ಇಲ್ಲದ ಕೋಟ್ಯಂತರ ಜನ ಇದ್ದಾರೆ, ಇನ್ನು ವೈರಸ್ ಬರೋದೊಂದೇ ಬಾಕಿ. ಅದು ಬರಬಾರದು ಅಂತಲೇ ಬಾಗಿಲಲ್ಲಿ ಈ ತಪಾಸಣೆ.

ಟೆಸ್ಟ್ ಮಾಡಿಸಿದ್ರೆ ಸಾಕಾಗಲ್ವಾ?

ಕೋವಿಡ್ ಕಾಲದ ಅಭ್ಯಾಸ ನಮ್ಮ ತಲೆಯಲ್ಲಿ ಇನ್ನೂ ಇದೆ. ಹೊರಡೋ ಮುಂಚಿನ 72 ಗಂಟೆಯೊಳಗೆ ಆರ್‌ಟಿ-ಪಿಸಿಆರ್ ಮಾಡಿಸು, ಏರ್ ಸುವಿಧಾ ಪೋರ್ಟಲ್‌ಗೆ ಹಾಕು, ಮುಗೀತು. ಆ ಏರ್ ಸುವಿಧಾ ಫಾರಂ 2022ರ ನವೆಂಬರ್‌ನಲ್ಲಿ ರದ್ದಾಯಿತು. ಹಾಗಾಗಿ 'ಈಗ ಯಾವ ಹೆಲ್ತ್ ಪೇಪರೂ ಬೇಡ' ಅಂತ ಅಂದುಕೊಂಡವರು ತುಂಬಾ ಜನ.

ಹಳದಿ ಜ್ವರದ ನಿಯಮ ಕೋವಿಡ್‌ಗಿಂತ ಎಷ್ಟೋ ಹಳೆಯದು, ಈಗಲೂ ಜಾರಿಯಲ್ಲಿದೆ. ಇಲ್ಲಿ ನೆಗೆಟಿವ್ ರಿಪೋರ್ಟ್ ತೋರಿಸಿ ಪಾಸಾಗೋ ದಾರಿ ಇಲ್ಲ. ಕೇಳೋದು ಲಸಿಕೆ ಪ್ರಮಾಣಪತ್ರ ಮಾತ್ರ. ಅದು ಸಿಂಧು ಆಗೋದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ. ಎಲ್ಲರೂ ಎಡವೋದು ಈ 10 ದಿನದಲ್ಲೇ.

ಒಂದು ಲೆಕ್ಕ ನೋಡೋಣ. ನೀವು ಜೂನ್ 1ಕ್ಕೆ ಲಸಿಕೆ ಹಾಕಿಸಿಕೊಂಡ್ರಿ. ಜೂನ್ 2ಕ್ಕೆ ನೈರೋಬಿ ವಿಮಾನ ಹತ್ತಿದ್ರಿ. ಒಂದು ವಾರ ಸುತ್ತಾಡಿ ಜೂನ್ 9ಕ್ಕೆ ಬೆಂಗಳೂರಿಗೆ ಬಂದ್ರಿ. ಕಾರ್ಡ್ ಕೈಯಲ್ಲಿದೆ, ಆದ್ರೆ ಅದು ಜಾರಿಗೆ ಬರೋದು ಜೂನ್ 11ಕ್ಕೆ. ಅಲ್ಲಿಯವರೆಗೆ ನಿಮ್ಮನ್ನು ಕ್ವಾರಂಟೈನ್‌ನಲ್ಲಿ ಇಡೋ ಅಧಿಕಾರ ಆರೋಗ್ಯ ಅಧಿಕಾರಿಗಳಿಗೆ ಇದೆ.

ಇನ್ನೊಂದು ಎಡವಟ್ಟು ನೋಡಿ. ಕೀನ್ಯಾದ ನಿಯಮದಲ್ಲಿ ಈ ಕಾರ್ಡ್ ಕೇಳೋದು ಹಳದಿ ಜ್ವರದ ಅಪಾಯ ಇರೋ ದೇಶದಿಂದ ಬರುವವರನ್ನು. ಭಾರತ ಅಂಥ ದೇಶ ಅಲ್ಲ. ಹಾಗಾಗಿ ಅಲ್ಲಿ ಇಳಿದಾಗ ಯಾರೂ ಕೇಳದೇ ಇರಬಹುದು. 'ಓ, ಬೇಡ ಅನ್ಸತ್ತೆ' ಅಂದುಕೊಳ್ತೀವಿ. ಆದ್ರೆ ವಾಪಸ್ ಬರೋವಾಗ ನಾವು ಅಪಾಯದ ದೇಶದಿಂದ ಬಂದವರಾಗಿರ್ತೀವಿ. ಕೇಳೋದು ನಮ್ಮ ದೇಶವೇ.

ಯಾರಿಗೆ ಬೇಕು?

ನೈಜೀರಿಯಾ, ಘಾನಾ, ಉಗಾಂಡಾ, ಕೀನ್ಯಾ, ಇಥಿಯೋಪಿಯಾ, ಅಂಗೋಲಾ, ಸುಡಾನ್, ಆ ಕಡೆ ಬ್ರೆಜಿಲ್, ಪೆರು, ಕೊಲಂಬಿಯಾ. ಇಂಥ ದೇಶ ಬಿಟ್ಟು 6 ದಿನದೊಳಗೆ ಭಾರತಕ್ಕೆ ಬಂದರೆ ಕಾರ್ಡ್ ಬೇಕೇ ಬೇಕು. ನಡುವೆ ದುಬೈನಲ್ಲಿ ಎರಡು ದಿನ ಉಳಿದು ಬಂದ್ರೂ ತಪ್ಪಲ್ಲ. 6 ದಿನ ಯಾಕೆ ಅಂದ್ರೆ, ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ 3ರಿಂದ 6 ದಿನ ಬೇಕು. ಕಾರ್ಡ್ ಇಲ್ಲದವರನ್ನು ಕ್ವಾರಂಟೈನ್‌ನಲ್ಲಿ ಇಡೋ ಅವಧಿಯ ಲೆಕ್ಕವೂ ಇದೇ 6 ದಿನ.

ಟ್ರಾನ್ಸಿಟ್ ಬಗ್ಗೆ ಹುಷಾರು. ದಕ್ಷಿಣ ಆಫ್ರಿಕಾ ಅಪಾಯದ ದೇಶ ಅಲ್ಲ. ಆದ್ರೆ ಜೋಹಾನ್ಸ್‌ಬರ್ಗ್‌ನಿಂದ ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಬಂದ್ರೆ ಅಪಾಯದ ದೇಶ ಹಾದು ಬಂದ ಹಾಗಾಯ್ತು. ಏರ್‌ಪೋರ್ಟ್ ಬಿಟ್ಟು ಹೊರಗೇ ಹೋಗಿಲ್ಲ ಅಂದ್ರೆ ವಿನಾಯಿತಿ ಇದೆ, ಆದ್ರೆ ಅದಕ್ಕೂ ಇಲ್ಲಿನ ಆರೋಗ್ಯ ಅಧಿಕಾರಿ ಒಪ್ಪಬೇಕು. ಕಡಿಮೆ ದರದ ಟಿಕೆಟ್ ಸಿಕ್ತು ಅಂತ ಬುಕ್ ಮಾಡೋ ಮುಂಚೆ ವಿಮಾನ ಎಲ್ಲೆಲ್ಲಿ ನಿಲ್ಲುತ್ತೆ ಅಂತ ಒಮ್ಮೆ ನೋಡಿ.

ಎಲ್ಲಿ, ಹೇಗೆ ಮಾಡಿಸಬೇಕು?

ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಆಗಲ್ಲ. ಕೇಂದ್ರ ಸರ್ಕಾರ ಅಧಿಕೃತ ಅಂತ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪೂರ್ತಿ ಪಟ್ಟಿ ಕೇಂದ್ರ ಆರೋಗ್ಯ ಸಚಿವಾಲಯದ ವೆಬ್‌ಸೈಟ್‌ನಲ್ಲಿದೆ. ಬೆಂಗಳೂರಿನಲ್ಲಿ ಕೆ.ಆರ್. ಸರ್ಕಲ್ ಹತ್ತಿರ, ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಈ ಲಸಿಕೆ ಕೊಡ್ತಾರೆ. ಹೋಗೋ ಮುಂಚೆ ದಿನ, ಸಮಯ ವಿಚಾರಿಸಿ. ಒಂದು ಬಾಟಲಿಯಲ್ಲಿ ಹಲವರಿಗೆ ಆಗೋಷ್ಟು ಲಸಿಕೆ ಇರುತ್ತೆ, ಕಲಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಎಷ್ಟೋ ಕಡೆ ವಾರದ ಗೊತ್ತಾದ ದಿನ ಮಾತ್ರ ಕೊಡೋದು. ಈ ಕಾಯೋ ದಿನಗಳನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಪಾಸ್‌ಪೋರ್ಟ್ ತಪ್ಪದೇ ತಗೊಂಡು ಹೋಗಿ.

ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಹಾಗಾಗಿ 9 ತಿಂಗಳೊಳಗಿನ ಶಿಶುಗಳಿಗೆ ಸಾಮಾನ್ಯವಾಗಿ ಕೊಡಲ್ಲ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಮೊಟ್ಟೆಯ ತೀವ್ರ ಅಲರ್ಜಿ ಇರೋರು, 60 ದಾಟಿದವರು ಮೊದಲು ಡಾಕ್ಟರ ಹತ್ತಿರ ಮಾತಾಡಬೇಕು. ಲಸಿಕೆ ಬೇಡ ಅಂತ ಡಾಕ್ಟರ್ ಹೇಳಿದ್ರೆ ಕಾರಣ ಬರೆದ ಪತ್ರ ಇಂಗ್ಲಿಷ್‌ನಲ್ಲಿ ಪಡೆಯಿರಿ. ಆದ್ರೆ ಪತ್ರ ಇದೆ ಅಂದ ಮಾತ್ರಕ್ಕೆ ಸೀದಾ ಬಿಡ್ತಾರೆ ಅನ್ನೋ ಗ್ಯಾರಂಟಿ ಇಲ್ಲ.

ಕಾರ್ಡ್ ಕೈಗೆ ಬಂದ ತಕ್ಷಣ ಏನು ನೋಡಬೇಕು?

ಹೆಸರು ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಇದೆಯಾ? ಲಸಿಕೆ ಹಾಕಿದ ತಾರೀಖು, ಬ್ಯಾಚ್ ಸಂಖ್ಯೆ ಇದೆಯಾ? ವೈದ್ಯರ ಸಹಿ, ಕೇಂದ್ರದ ಮೊಹರು ಬಿದ್ದಿದೆಯಾ? ನಿಮ್ಮ ಸಹಿ? ಕೌಂಟರ್ ಬಿಡೋ ಮುಂಚೆಯೇ ನೋಡಿಬಿಡಿ. ಒಂದು ಕಡೆ ಖಾಲಿ ಬಿಟ್ಟಿದ್ರೂ, ತಿದ್ದಿದ್ರೂ, ಅಳಿಸಿದ್ರೂ ಕಾರ್ಡ್ ಅಸಿಂಧು ಅನ್ನಬಹುದು. ಆಮೇಲೆ ನೀವೇ ಪೆನ್ನು ತಗೊಂಡು ಸರಿಮಾಡೋಕೆ ಹೋಗಬೇಡಿ. ಮಕ್ಕಳಿಗೂ ಪ್ರತ್ಯೇಕ ಕಾರ್ಡ್ ಬೇಕು. ಸಹಿ ಮಾಡೋಕೆ ಬರದ ಮಗುವಿನ ಪರವಾಗಿ ಅಪ್ಪ ಅಥವಾ ಅಮ್ಮ ಸಹಿ ಮಾಡಬಹುದು.

ಒಂದು ಒಳ್ಳೆ ಸುದ್ದಿ. ಮೊದಲು ಈ ಕಾರ್ಡ್ 10 ವರ್ಷ ಮಾತ್ರ ನಡೀತಿತ್ತು. 2016ರ ಜುಲೈ 11ರಿಂದ ನಿಯಮ ಬದಲಾಗಿದೆ. ಒಂದು ಸಲ ಹಾಕಿಸಿಕೊಂಡ್ರೆ ಜೀವನಪೂರ್ತಿ ನಡೆಯುತ್ತೆ, ಹಳೇ ಕಾರ್ಡ್‌ಗಳಿಗೂ ಇದೇ ನಿಯಮ. ಅಂದ್ರೆ ಅದನ್ನು ಜೋಪಾನ ಮಾಡೋದೂ ಜೀವನಪೂರ್ತಿಯ ಕೆಲಸ. ಅಸಲು ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಕೈಚೀಲದಲ್ಲಿರಲಿ, ಚೆಕ್-ಇನ್ ಮಾಡೋ ಸೂಟ್‌ಕೇಸಿನಲ್ಲಿ ಬೇಡ. ಫೋನಲ್ಲಿ ಫೋಟೋ ಇಟ್ಟುಕೊಳ್ಳಿ, ಮನೆಯವರಿಗೂ ಒಂದು ಕಳಿಸಿ. ಫೋಟೋ ಅಸಲಿನ ಬದಲಿ ಅಲ್ಲ ನಿಜ. ಆದ್ರೆ ಕಾರ್ಡ್ ಕಳೆದುಹೋದ್ರೆ ಯಾವ ಕೇಂದ್ರ, ಯಾವ ತಾರೀಖು, ಯಾವ ಬ್ಯಾಚ್ ಅಂತ ಹೇಳಿ, ಲಸಿಕೆ ಕೊಟ್ಟ ಕೇಂದ್ರದಲ್ಲೇ ವಿಚಾರಿಸೋಕೆ ಅದು ನೆರವಾಗುತ್ತೆ.

ಈಗಾಗಲೇ ಅಲ್ಲಿದ್ದು ಲಸಿಕೆ ಆಗಿಲ್ಲದವರು ಆ ದೇಶದ ಅಧಿಕೃತ ಕೇಂದ್ರದಲ್ಲೇ ಹಾಕಿಸಿಕೊಳ್ಳಬಹುದು. ಇಲ್ಲಿ ಇಳಿಯೋ ದಿನಕ್ಕೆ 10 ದಿನ ತುಂಬಿರೋ ಹಾಗೆ ಟಿಕೆಟ್ ಮಾಡಿಸಿದ್ರೆ ಆಯ್ತು.

ಇಷ್ಟರಲ್ಲಿ ನೆನಪಿಡಬೇಕಾದ್ದು ಒಂದೇ ಮಾತು. ಇದು ವಾಪಸ್ ಬರೋವಾಗ ತೋರಿಸೋ ಕಾಗದ, ಆದ್ರೆ ಮಾಡಿಸಬೇಕಾಗಿರೋದು ಹೋಗೋ ಮುಂಚೆ. ನಿಮ್ಮ ಗೆಳೆಯರಲ್ಲಿ ಯಾರಾದ್ರೂ ಆಫ್ರಿಕಾಕ್ಕೋ ಬ್ರೆಜಿಲ್‌ಗೋ ಹೊರಟಿದ್ರೆ ಈ ಸಂಚಿಕೆ ಅವರಿಗೆ ಇವತ್ತೇ ಕಳಿಸಿ. ಟಿಕೆಟ್‌ಗೆ ಇನ್ನೂ 10 ದಿನ ಇದ್ದಾಗಲೇ ಇದು ಉಪಯೋಗಕ್ಕೆ ಬರೋದು.