ಡೇನಿಯಲ್ ಜಾನ್‌ಸ್ಟನ್: ಹಾಡು ಮತ್ತು ಹಾಡುಗಾರ

ಒಬ್ಬ ಕಲಾವಿದನ ಜೀವಮಾನದ ಸೃಷ್ಟಿಯಿಂದ ಕೆಲವನ್ನು ಆಯ್ದು ಸಂಕಲನ ಮಾಡುವುದು ಹೊರನೋಟಕ್ಕೆ ಸುಲಭವಾದ ಕೆಲಸ. ಆದರೆ ಆಯುವವನು ಹೆಜ್ಜೆಹೆಜ್ಜೆಗೂ ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ: ನಮಗೆ ಬೇಕಾದುದು ಕೃತಿಯೋ, ಕರ್ತೃವಿನ ಕಥೆಯೋ? ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತುವ ಸಂಗೀತ ಸಂಕಲನವೊಂದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಅಮೆರಿಕದ ಡೇನಿಯಲ್ ಜಾನ್‌ಸ್ಟನ್ನನ ‘ವೆಲ್‌ಕಮ್ ಟು ಮೈ ವರ್ಲ್ಡ್’; ಎಂದರೆ, ‘ನನ್ನ ಲೋಕಕ್ಕೆ ಸ್ವಾಗತ’. ಹೊರಬಂದದ್ದು 2006ರಲ್ಲಿ.

ಅಮೆರಿಕದ ರಾಕ್ ಸಂಗೀತದಲ್ಲಿ ‘ಆಲ್ಟರ್ನೇಟಿವ್’, ಅಂದರೆ ಪರ್ಯಾಯ ಎಂದು ಕರೆಸಿಕೊಳ್ಳುವ ಒಂದು ಕವಲುಂಟು. ದೊಡ್ಡ ಕಂಪನಿಗಳ ಥಳಕು, ಸ್ಟುಡಿಯೋಗಳ ನಯಗಾರಿಕೆ ಇವುಗಳಿಂದ ದೂರ ನಿಂತವರು 1980ರ ದಶಕದಲ್ಲಿ ಬೆಳೆಸಿದ ಮಾರ್ಗವದು. ಆ ಮಾರ್ಗದಲ್ಲಿಯೂ ಜಾನ್‌ಸ್ಟನ್ ಒಂಟಿ ಪಯಣಿಗ. ಹುಟ್ಟಿದ್ದು 1961ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದಲ್ಲಿ; ಬೆಳೆದದ್ದು ವೆಸ್ಟ್ ವರ್ಜೀನಿಯಾದ ಒಂದು ಸಣ್ಣ ಊರಿನಲ್ಲಿ. ಮನೆಯವರು ದೈವಭಕ್ತ ಕ್ರೈಸ್ತರು. ಮಗನೋ ಹಗಲಿರುಳು ಚಿತ್ರ ಬರೆಯುತ್ತ, ಪಿಯಾನೋ ಬಾರಿಸುತ್ತ, ಅಗ್ಗದ ಟೇಪ್ ರೆಕಾರ್ಡರಿನ ಮುಂದೆ ಕುಳಿತು ತನ್ನ ಹಾಡುಗಳನ್ನು ತಾನೇ ದಾಖಲಿಸುತ್ತಿದ್ದವನು.

ಮುಂದೆ ಟೆಕ್ಸಾಸಿನ ಆಸ್ಟಿನ್ ನಗರ ಸೇರಿ, ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹದಲ್ಲಿ ಕೆಲಸಕ್ಕಿದ್ದಾಗ, ಕಂಡಕಂಡವರಿಗೆ ಆ ಕ್ಯಾಸೆಟ್ಟುಗಳನ್ನು ಹಂಚುತ್ತಿದ್ದ. ಇಲ್ಲಿ ಒಂದು ಸ್ವಾರಸ್ಯವುಂಟು. ಮೊದಮೊದಲು ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಪ್ರತಿ ತೆಗೆಯುವ ಅನುಕೂಲ ಅವನಿಗಿರಲಿಲ್ಲ. ಆದ್ದರಿಂದ ಯಾರಾದರೂ ಕೇಳಿದರೆ, ಕುಳಿತು ಎಲ್ಲ ಹಾಡುಗಳನ್ನೂ ಮತ್ತೆ ಮೊದಲಿನಿಂದ ಹಾಡಿ ಹೊಸ ಕ್ಯಾಸೆಟ್ ಮಾಡಿಕೊಡುತ್ತಿದ್ದ! ಹಾಗಾಗಿ ಒಂದು ಪ್ರತಿಯಂತೆ ಇನ್ನೊಂದಿಲ್ಲ. ಓಲೆಗರಿಗಳ ಪಾಠಾಂತರಗಳೊಡನೆ ಹೆಣಗಾಡಿದ ನಮ್ಮಂಥವರಿಗೆ ಇದು ಕುತೂಹಲದ ಸಂಗತಿ. ಅಲ್ಲಿ ಲಿಪಿಕಾರರ ಕೈತಪ್ಪಿನಿಂದ ಪಾಠ ಬೇರೆಯಾಗುತ್ತದೆ. ಇಲ್ಲಿ ಕವಿಯೇ ಪ್ರತಿಸಲವೂ ಹೊಸದಾಗಿ ಹಾಡಿದ್ದಾನೆ. ಮೂಲ ಯಾವುದೆಂದು ಕೇಳಿದರೆ, ಎಲ್ಲವೂ ಮೂಲವೇ. ಇಂಥ ಸೃಷ್ಟಿಯಿಂದ ಆಯ್ದ ಸಂಕಲನವು ಹರಿಯುವ ನೀರಿನಿಂದ ತುಂಬಿಕೊಂಡ ಒಂದು ಕೊಡ.

ಈ ಕೊಡದಲ್ಲಿ ಏನಿದೆ? ಬಹುಪಾಲು 1980ರ ದಶಕದ ಮನೆಯ ದಾಖಲೆಗಳು. ಟೇಪಿನ ಸುಯ್ಯೆಂಬ ಸದ್ದು, ನಡುಗುವ ಕೀಚಲು ಧ್ವನಿ, ತಾಳ ತಪ್ಪುವ ಗಿಟಾರು. ಹಳೆಯ ವಿದ್ಯಾರ್ಥಿಯೊಬ್ಬರು ಇದನ್ನು ನನಗೆ ತಂದುಕೊಟ್ಟಾಗ, ಮೊದಲ ಹಾಡು ಮುಗಿಯುವ ಮುನ್ನವೇ ನಿಲ್ಲಿಸಿಬಿಟ್ಟೆ. ಕೆಲವು ದಿನಗಳ ಮೇಲೆ ಮತ್ತೆ ಕೇಳಿದಾಗ, ಆ ಸದ್ದಿನ ಕೆಳಗೆ ಹದವಾಗಿ ಕಟ್ಟಿದ ಹಾಡುಗಳಿರುವುದು ಗೋಚರಿಸಿತು. ‘ವಾಕಿಂಗ್ ದ ಕೌ’ ಎಂಬುದನ್ನು ನೋಡಿ. ಐಸ್‌ಕ್ರೀಮಿನ ಹೊದಿಕೆಯ ಮೇಲಿದ್ದ, ಹಸುವನ್ನು ನಡೆಸಿಕೊಂಡು ಹೋಗುವ ಹುಡುಗಿಯ ಚಿತ್ರದಿಂದ ಹುಟ್ಟಿದ ಹಾಡು ಅದು. ಹಿನ್ನೆಲೆಗೆ ಕಾರ್ಡ್ ಆರ್ಗನ್ ಎಂಬ ಪುಟ್ಟ ವಾದ್ಯ. ನಮ್ಮ ಹಾರ್ಮೋನಿಯಮ್ಮಿನಂತೆ ಗಾಳಿಯಿಂದ ನುಡಿಯುವುದು, ಗುಂಡಿಯೊಂದನ್ನು ಒತ್ತಿದರೆ ಹಲವು ಸ್ವರಗಳು ಒಟ್ಟಿಗೆ ಹೊಮ್ಮುವುದು. ಆ ಮುಗ್ಧ ಚಿತ್ರವೇ ಹಾಡಿನಲ್ಲಿ, ಎಲ್ಲಿಗೆಂದು ತಿಳಿಯದೆ ಹೊರೆಯೊಂದನ್ನು ನಡೆಸಿಕೊಂಡು ಹೋಗುವ ಬಾಳಿನ ಪ್ರತೀಕವಾಗುತ್ತದೆ. ‘ಸ್ಟೋರಿ ಆಫ್ ಆ್ಯನ್ ಆರ್ಟಿಸ್ಟ್’ನಲ್ಲಿ, ದುಡಿಮೆ ಬಿಟ್ಟು ಇದೇನೆಂದು ಕೇಳುವ ಸ್ವಂತ ಜನರ ನಡುವೆ ಕಲಾವಿದ ಅನ್ಯನಾಗುವ ಸಂಕಟವಿದೆ, ಆದರೆ ಯಾರನ್ನೂ ದೂಷಿಸುವ ಕಹಿ ಇಲ್ಲ.

ಇನ್ನು ಹಾಡುಗಾರನ ಕಥೆ. ಅವನಿಗೆ ತೀವ್ರವಾದ ಮನೋರೋಗವಿತ್ತು. ಮತ್ತೆಮತ್ತೆ ಆಸ್ಪತ್ರೆ ಸೇರಬೇಕಾಯಿತು. 1990ರಲ್ಲಿ ತಂದೆ ನಡೆಸುತ್ತಿದ್ದ ಸಣ್ಣ ವಿಮಾನದಲ್ಲಿ, ತಾನು ಕ್ಯಾಸ್ಪರ್ ಎಂಬ ಚಿತ್ರಕಥೆಯ ಭೂತವೆಂಬ ಭ್ರಮೆ ಕವಿದು, ಅದರ ಕೀಲಿಯನ್ನು ಕಿತ್ತು ಹೊರಗೆಸೆದ. ವಿಮಾನ ಮರಗಳ ಮೇಲೆ ಬಿದ್ದರೂ ಇಬ್ಬರೂ ಬದುಕಿದರು. 1992ರಲ್ಲಿ ನಿರ್ವಾಣ ತಂಡದ ಕರ್ಟ್ ಕೊಬೇನ್, ಜಾನ್‌ಸ್ಟನ್ ಬರೆದ ಕಪ್ಪೆಯ ಚಿತ್ರವುಳ್ಳ ಅಂಗಿ ತೊಟ್ಟು ಕಾಣಿಸಿಕೊಂಡಾಗ ಇವನ ಹೆಸರು ದೇಶವೆಲ್ಲ ಹಬ್ಬಿತು. ಬಳಿಕ ಅಟ್ಲಾಂಟಿಕ್ ಕಂಪನಿ 1994ರಲ್ಲಿ ‘ಫನ್’ ಎಂಬ ಆಲ್ಬಮ್ಮನ್ನು ಹೊರತಂದಿತು. ಮಾರಾಟ ತೀರ ಅಲ್ಪ. 2005ರಲ್ಲಿ ಅವನ ಬಾಳನ್ನು ಕುರಿತ ಸಾಕ್ಷ್ಯಚಿತ್ರ ತೆರೆಕಂಡ ಮೇಲಂತೂ ಹಾಡಿಗಿಂತ ಕಥೆಯೇ ದೊಡ್ಡದಾಯಿತು.

ಇಲ್ಲಿದೆ ಅಪಾಯ. ರೋಗಿಯ ಹಾಡೆಂದು ಕರುಣೆಯಿಂದ ಕೇಳಿದರೆ ನಾವು ಹಾಡನ್ನು ಕೇಳಿದಂತಾಗಲಿಲ್ಲ. ಹುಚ್ಚೇ ಪ್ರತಿಭೆಯೆಂದು ಕೊಂಡಾಡಿದರೆ ಅದು ಇನ್ನೂ ಕ್ರೂರ. ಅವನನ್ನೂ ಅವನ ಮನೆಯವರನ್ನೂ ಆ ರೋಗ ಬೇಯಿಸಿತೇ ಹೊರತು ಬೆಳೆಸಲಿಲ್ಲ. ಹಾಡು ಕಟ್ಟಿದ್ದು ಅವನ ದುಡಿಮೆ, ಅವನ ಕಿವಿ, ಬೀಟಲ್ಸ್ ತಂಡದ ಸಂಗೀತದ ಮೇಲಿದ್ದ ಅವನ ಭಕ್ತಿ. ಸಂಕಲನದ ಉಪಕಾರವಿರುವುದು ಇಲ್ಲಿ. ಅದು ಕಾಲಕ್ರಮವನ್ನು ಬಿಟ್ಟು ಹಾಡಿನ ಪಕ್ಕ ಹಾಡನ್ನಿಟ್ಟಿದೆ; ಆದ್ದರಿಂದ ರೋಗದ ಏರಿಳಿತವನ್ನು ಹಿಂಬಾಲಿಸುವ ಬದಲು ನಾವು ರಚನೆಯನ್ನು ಗಮನಿಸುತ್ತೇವೆ. ನಷ್ಟವೂ ಇಲ್ಲದಿಲ್ಲ. ಇಡೀ ಕ್ಯಾಸೆಟ್ಟುಗಳ ನಡುನಡುವೆ ಬರುವ ಮಾತು, ತೊದಲು, ತಡವರಿಕೆ ಇವುಗಳಲ್ಲಿ ಕೇಳಿಸುವ ಒಂಟಿಕೋಣೆಯ ಉಸಿರು ಆಯ್ಕೆಯಲ್ಲಿ ಸಿಗದು.

‘ಕ್ಯಾಸ್ಪರ್ ದ ಫ್ರೆಂಡ್ಲಿ ಘೋಸ್ಟ್’ ಹಾಡೂ ಈ ಸಂಕಲನದಲ್ಲಿದೆ. ಬದುಕಿದ್ದಾಗ ಸಿಗದ ಗೌರವ ಸತ್ತ ಮೇಲೆ ಪುಕ್ಕಟೆಯಾಗಿ ಸಿಗುತ್ತದೆಂಬ ನಗೆ ಅದರಲ್ಲುಂಟು. ಹಾಡಿದ್ದು 1983ರಲ್ಲಿ, ಆಗ ಅವನಿಗೆ ಇಪ್ಪತ್ತೆರಡು ವರ್ಷ. ಜಾನ್‌ಸ್ಟನ್ 2019ರ ಸೆಪ್ಟೆಂಬರಿನಲ್ಲಿ ತೀರಿಕೊಂಡ, ಶ್ರದ್ಧಾಂಜಲಿಗಳಿಗೇನೂ ಕೊರತೆಯಾಗಲಿಲ್ಲ. ಆ ನಗೆಗೆ ನಾವು ಸಲ್ಲಿಸಬಹುದಾದ ಉತ್ತರ ಒಂದೇ: ಅವನ ಕಥೆಯನ್ನು ಅರೆಗಳಿಗೆ ಬದಿಗಿಟ್ಟು, ಹಾಡನ್ನು ಕೊನೆಯವರೆಗೆ ಕೇಳುವುದು.