ಪಿರಮಿಡ್ಡಿಗಿಂತ ಹಳೆಯದೊಂದು ಸೆಕೆಂಡು

ಪೀಣ್ಯದ ಕಾರ್ಖಾನೆಗಳ ಕನ್ವೇಯರ್ ಪಕ್ಕದಲ್ಲಿ ಬೆರಳುಗಾತ್ರದ ಲೋಹದ ಕೊಳವೆಯೊಂದು ನಟ್ಟು ಬಿಗಿಸಿಕೊಂಡು ಕೂತಿರುತ್ತದೆ. ಕೆಲಸಗಾರರ ಬಾಯಲ್ಲಿ ಅದು ‘ಪ್ರಾಕ್ಸಿ’. ಎದುರಿಗೆ ಲೋಹ ಬಂತು, ಹೋಯಿತು ಎಂದು ಹೇಳುವುದಷ್ಟೇ ಅದರ ಕೆಲಸ. ಆದರೆ ಸೆಕೆಂಡಿಗೆ 1,000 ಸಲ ಹೇಳಬಲ್ಲದು! ಬಿಡುವಿಲ್ಲದೆ ಹೇಳುತ್ತ ಹೋದರೆ ದಿನಕ್ಕೆ 8 ಕೋಟಿ 64 ಲಕ್ಷ ಸಲ. ನಮ್ಮ ಹೃದಯ ಅಷ್ಟು ಸಲ ಬಡಿಯಲು 2 ವರ್ಷ 3 ತಿಂಗಳು ಬೇಕು. (ರಟ್ಟಿನ ಪೆಟ್ಟಿಗೆ ಮಾತ್ರ ಅದರ ಕಣ್ಣಿಗೆ ಬೀಳದು, ಅಲ್ಲಿಗೆ ಬೆಳಕಿನ ಸೆನ್ಸರನ್ನೇ ಆರಿಸಬೇಕು.)

ಹೈಡ್ರಾಲಿಕ್ ಪ್ರೆಸ್ಸಿಗೆ ಪ್ರೆಶರ್ ಸೆನ್ಸರ್ ಆರಿಸಲು ಕೂತರೆ 400 ಬಾರ್ ಎಂಬ ಅಂಕಿ ತೀರ ಮಾಮೂಲು. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 400 ಕೆ.ಜಿ. ದೊಡ್ಡ ಆನೆಯೊಂದರ ಭಾರದಲ್ಲಿ ಹತ್ತನೇ ಒಂದು ಪಾಲನ್ನು ನಿಮ್ಮ ಬೆರಳಿನ ಉಗುರಿನ ಮೇಲೆ ಹೇರಿದಂತೆ! ಸಮುದ್ರದಲ್ಲಿ ಇಷ್ಟು ಒತ್ತಡ ಸಿಗಬೇಕಾದರೆ 4 ಕಿ.ಮೀ. ಆಳಕ್ಕೆ ಇಳಿಯಬೇಕು. ಈ ಭಾರದ ಸುದ್ದಿಯನ್ನು ಸೆನ್ಸರ್ ಕಂಟ್ರೋಲ್ ಪ್ಯಾನೆಲ್ಲಿಗೆ ಮುಟ್ಟಿಸುವುದು 20 ಮಿಲಿಆಂಪಿಯರ್ ಕರೆಂಟಿನಲ್ಲಿ. ಪುಟ್ಟ ಎಲ್‌ಇಡಿಯೊಂದು ಬೆಳಗಲು ಬೇಕಾದಷ್ಟು, ಅಷ್ಟೇ.

ಆನೆ ಎಂದರೆ ಮೈಸೂರು. ದಸರೆಗೆ ಬಂದ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜಿನ ಮೇಲೆಯೇ ನಿಲ್ಲಿಸಿ ತೂಗುತ್ತಾರೆ. 5 ಟನ್ನಿನ ಅಂಬಾರಿ ಆನೆ ಹತ್ತಿದರೆ ಕೆಳಗೆ ಭಾರ ಅಳೆಯುವ ಲೋಡ್‌ಸೆಲ್ಲಿನ ಉಕ್ಕು ಜಗ್ಗಲೇಬೇಕಲ್ಲ? ಜಗ್ಗುತ್ತದೆ; ಆದರೆ ಅದನ್ನು ಅಳೆಯುವ ಮಾನವೇ 10 ಲಕ್ಷದಲ್ಲಿ ಒಂದು ಪಾಲು! ಬೆಂಗಳೂರಿನಿಂದ ಮೈಸೂರಿನವರೆಗೆ 140 ಕಿ.ಮೀ. ಉದ್ದದ ಉಕ್ಕಿನ ಕಂಬಿ ಹಾಸಿ, ಅಷ್ಟೇ ಪಾಲು ಕುಗ್ಗಿಸಿದರೆ ಕಡಿಮೆಯಾಗುವುದು 14 ಸೆಂ.ಮೀ. ಒಂದು ಗೇಣೂ ಇಲ್ಲ.

ಇನ್ನು ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್. ಸಾಮಾನ್ಯ ಕನ್ವೇಯರಿಗೆ ಒಂದು ಸುತ್ತಿನಲ್ಲಿ 1,024 ಗುರುತುಗಳಿದ್ದರೆ ಧಾರಾಳ. ಸರ್ವೊ ಮೋಟರಿನ 26 ಬಿಟ್ ಎನ್‌ಕೋಡರೋ, ಒಂದೇ ಸುತ್ತನ್ನು 6,71,08,864 ಪಾಲು ಮಾಡುತ್ತದೆ! ಭೂಮಿಯ ಸೊಂಟಕ್ಕೆ, 40,075 ಕಿ.ಮೀ. ಸುತ್ತಳತೆಗೆ, ಅಷ್ಟೇ ಗೆರೆ ಎಳೆಯಿರಿ. ಗೆರೆಯಿಂದ ಗೆರೆಗೆ 60 ಸೆಂ.ಮೀ., ನಡೆಯುವವರ ಒಂದು ಹೆಜ್ಜೆಗಿಂತ ಕಡಿಮೆ. ಆ ಮೋಟರು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ ದಾಟುವ ಗೆರೆಗಳು 335 ಕೋಟಿ. ಭಾರತದ ಪ್ರತಿಯೊಬ್ಬರಿಗೂ ಎರಡೆರಡು ಹಂಚಿದ ಮೇಲೂ ಮಿಗುತ್ತವೆ.

ಎಲ್ಲಕ್ಕೂ ಮಿಗಿಲು, ಬೆಳಕು ಹೋಗಿಬರುವ ಹೊತ್ತನ್ನೇ ಎಣಿಸಿ ದೂರ ಹೇಳುವ ಲೇಸರ್ ಸೆನ್ಸರ್. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. 1 ಮಿಲಿಮೀಟರ್ ವ್ಯತ್ಯಾಸ ಹಿಡಿಯಬೇಕೆಂದರೆ 6.7 ಪಿಕೊಸೆಕೆಂಡಿನ ವ್ಯತ್ಯಾಸ ಗೊತ್ತಾಗಬೇಕು. ಎಷ್ಟು ಚಿಕ್ಕದು ಆ ಹೊತ್ತು? ಅದನ್ನು ಹಿಗ್ಗಿಸಿ ಪೂರ್ತಿ ಒಂದು ಸೆಕೆಂಡು ಮಾಡಿದಿರಿ ಎನ್ನಿ. ಅದೇ ಲೆಕ್ಕದಲ್ಲಿ ಹಿಗ್ಗಿದ ನಮ್ಮ ಮಾಮೂಲಿ ಸೆಕೆಂಡು ಸುಮಾರು 4,750 ವರ್ಷ ಉದ್ದವಾಗುತ್ತದೆ! ಗೀಜಾದ ಮಹಾ ಪಿರಮಿಡ್ಡಿಗೆ ಮೊದಲ ಕಲ್ಲು ಬೀಳುವ ಮುಂಚೆಯೇ ‘ಟಿಕ್’ ಎಂದ ಗಡಿಯಾರ, ‘ಟಕ್’ ಎನ್ನುವುದು ಇವತ್ತು.