ಹತ್ತುವುದಲ್ಲ, ಇಳಿಯುವುದೇ ಕಷ್ಟ

ಬೆಟ್ಟಕ್ಕೆ ಹೊರಟವರಿಗೆ ಒಂದು ಸಮಾಧಾನ ಇದ್ದೇ ಇರುತ್ತದೆ. ಬೆಳಗಿನ ತಂಪಿನಲ್ಲಿ ಏದುಸಿರು ಬಿಡುತ್ತ ಹತ್ತಿಬಿಟ್ಟರಾಯಿತು, ಇಳಿಯುವಾಗ ಕಾಲು ತಾನಾಗಿ ಓಡುತ್ತದೆ. ನಡುವೆ ಸುಸ್ತಾದರೆ ಅರ್ಧಕ್ಕೇ ಹಿಂದಿರುಗಲೂ ಅಡ್ಡಿಯಿಲ್ಲ. ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ಒಂದು ಕಾಲುಹಾದಿ ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದಲ್ಲಿದೆ. ಅಲ್ಲಿ ಮೊದಲು ಇಳಿಯಬೇಕು. ಇಳಿದಷ್ಟೂ ಸೆಖೆ ಹೆಚ್ಚುತ್ತದೆ. ಮನಸ್ಸು ಬದಲಾಯಿಸಿ ತಿರುಗಿ ನೋಡಿದರೆ ಬೆನ್ನ ಹಿಂದೆ ಇರುವುದು ಏರು. ಗ್ರೀಸ್ ದೇಶಕ್ಕೆ ಸೇರಿದ ಈ ದ್ವೀಪದ ಸಮರಿಯಾ ಕಮರಿಯ ಹಾದಿ ಅದು. ಉದ್ದ ಸುಮಾರು 16 ಕಿಲೋಮೀಟರ್. ನಡೆಯಲು ಐದರಿಂದ ಏಳು ತಾಸು.

ಕ್ರೀಟ್‌ನ ಪಶ್ಚಿಮ ಭಾಗದಲ್ಲಿ ಲೆಫ್ಕಾ ಓರಿ ಎಂಬ ಬೆಟ್ಟಸಾಲು ಇದೆ. ಹಾಗೆಂದರೆ ಬಿಳಿ ಬೆಟ್ಟಗಳು ಎಂದರ್ಥ. ಚಳಿಗಾಲದಲ್ಲಿ ಹಿಮದಿಂದ ಬಿಳಿ, ಬೇಸಿಗೆಯಲ್ಲಿ ಬೋಳು ಸುಣ್ಣಕಲ್ಲಿನಿಂದ ಬಿಳಿ. ಇದರ ಅತಿ ಎತ್ತರದ ಶಿಖರ ಪಾಖ್ನೆಸ್, 2453 ಮೀಟರ್. ಉತ್ತರ ಕರಾವಳಿಯ ಹಾನ್ಯಾ ಪಟ್ಟಣದಿಂದ ಸುಮಾರು 40 ಕಿ.ಮೀ. ಬಸ್ಸಿನಲ್ಲಿ ಸುತ್ತಿ ಸುತ್ತಿ ಹತ್ತಿದರೆ ಒಮಾಲೊಸ್ ಎಂಬ ಬಟ್ಟಲಿನಂಥ ಬಯಲು ಸಿಗುತ್ತದೆ. ಸುತ್ತ ಬೆಟ್ಟ, ನಡುವೆ ಮಟ್ಟಸವಾದ ನೆಲ. ನೀರು ಹರಿದುಹೋಗಲು ಮೇಲ್ಗಡೆ ದಾರಿಯೇ ಇಲ್ಲ. ಹಾಗಾದರೆ ಬಿದ್ದ ಮಳೆಯೆಲ್ಲ ಎಲ್ಲಿಗೆ ಹೋಗುತ್ತದೆ? ಬಯಲಿನ ಅಂಚಿನಲ್ಲಿರುವ ಒಂದು ಗವಿಯ ಬಾಯಿಗೆ ಇಳಿದು ಭೂಮಿಯೊಳಗೆ ಮಾಯವಾಗುತ್ತದೆ. ಈ ಸೀಮೆಯಲ್ಲಿ ನೀರಿನ ಸ್ವಭಾವವೇ ಅಂಥದ್ದು ಎಂಬುದಕ್ಕೆ ಇದು ಮೊದಲ ಪಾಠ.

ಬಯಲಿನ ದಕ್ಷಿಣದ ಅಂಚಿನಲ್ಲಿ ನೆಲ ಒಮ್ಮೆಲೇ ಕಡಿದು ಬೀಳುತ್ತದೆ. ಎದುರಿಗೆ 2080 ಮೀಟರ್ ಎತ್ತರದ ಗಿಂಗಿಲೊಸ್ ಬೆಟ್ಟದ ಬೋಳು ಗೋಡೆ. ಕೆಳಗೆ ನೋಡಿದರೆ ಮರಗಳ ತುದಿಗಳಷ್ಟೇ. ಈ ಜಾಗದ ಹೆಸರು ಕ್ಸಿಲೋಸ್ಕಾಲೊ, ಅಂದರೆ ಮರದ ಏಣಿ. ಹಿಂದೆ ಕಮರಿಯ ಜನ ಮರದ ದಿಮ್ಮಿಗಳನ್ನು ಜೋಡಿಸಿ ಮೆಟ್ಟಿಲು ಮಾಡಿಕೊಂಡಿದ್ದರಿಂದ ಬಂದ ಹೆಸರು. ಈಗ ಕಲ್ಲುಹಾಸಿನ ಹಾದಿ, ಪಕ್ಕಕ್ಕೆ ಮರದ ಕಟಕಟೆ ಇದೆ. ಸಮುದ್ರಮಟ್ಟದಿಂದ ಸುಮಾರು 1230 ಮೀಟರ್ ಎತ್ತರದ ಈ ಬಾಗಿಲಲ್ಲಿ ಟಿಕೆಟ್ ಕೊಳ್ಳಬೇಕು. ಅದನ್ನು ಬಿಸಾಡುವಂತಿಲ್ಲ; ಕೆಳಗಿನ ಬಾಗಿಲಲ್ಲಿ ತೋರಿಸಬೇಕು. ಒಳಗೆ ಹೋದವರೆಲ್ಲ ಹೊರಗೆ ಬಂದರೇ ಎಂದು ತಿಳಿಯುವ ಸರಳ ಉಪಾಯ. ರಾತ್ರಿ ಒಳಗೆ ತಂಗಲು ಯಾರಿಗೂ ಅನುಮತಿಯಿಲ್ಲ.

‘ಬರೀ ಇಳಿಜಾರು ತಾನೆ, ಯಾರು ಬೇಕಾದರೂ ನಡೆಯಬಹುದು’ ಎಂದು ಸಲೀಸಾಗಿ ಹೇಳುವವರುಂಟು. ಈ ಮಾತನ್ನು ನಂಬಿ ಚಪ್ಪಲಿ ಮೆಟ್ಟಿಕೊಂಡು ಬರುವವರೂ ಇದ್ದಾರೆ. ಅವರಿಗೆ ಹಾದಿಯ ಮೊದಲ ಕಾಲುಭಾಗವೇ ಉತ್ತರ ಕೊಡುತ್ತದೆ. ಒಟ್ಟು ಇಳಿತದ ಹೆಚ್ಚುಕಡಿಮೆ ಅರ್ಧ ಆ ಮೂರು ನಾಲ್ಕು ಕಿಲೋಮೀಟರುಗಳಲ್ಲೇ ಮುಗಿದುಹೋಗುತ್ತದೆ. ತಿರುವಿನ ಮೇಲೆ ತಿರುವು, ಮೆಟ್ಟಿಲಿನ ಕೆಳಗೆ ಮೆಟ್ಟಿಲು. ಸಾವಿರಾರು ಪಾದಗಳು ಸವೆಸಿದ ಸುಣ್ಣಕಲ್ಲು ಕನ್ನಡಿಯಂತೆ ನುಣುಪಾಗಿದ್ದು, ಒಣಗಿದ್ದಾಗಲೂ ಜಾರುತ್ತದೆ.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಅನಿವಾರ್ಯ. 60 ಕಿಲೋ ತೂಕದ ವ್ಯಕ್ತಿ 1230 ಮೀಟರ್ ಕೆಳಗಿಳಿದರೆ ಅವನ ದೇಹ ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು 7 ಲಕ್ಷದ 20 ಸಾವಿರ ಜೂಲ್. 20 ಡಿಗ್ರಿಯಲ್ಲಿರುವ ಎರಡು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಸಾಕಾಗುವಷ್ಟು ಶಕ್ತಿ ಇದು. ಕಲ್ಲು ಉರುಳಿಬಿದ್ದರೆ ಈ ಶಕ್ತಿಯೆಲ್ಲ ವೇಗವಾಗಿ ಬದಲಾಗುತ್ತದೆ. ಮನುಷ್ಯ ಉರುಳುವಂತಿಲ್ಲವಾದ್ದರಿಂದ ಪ್ರತಿ ಹೆಜ್ಜೆಯಲ್ಲೂ ತನ್ನನ್ನು ತಾನೇ ತಡೆದು ನಿಲ್ಲಿಸಿಕೊಳ್ಳಬೇಕು. ಬ್ರೇಕಿನ ಕೆಲಸ ತೊಡೆಯ ಮುಂಭಾಗದ ಸ್ನಾಯುಗಳದ್ದು.

ಹತ್ತುವಾಗ ಸ್ನಾಯು ಕುಗ್ಗುತ್ತ ಬಲ ಹಾಕುತ್ತದೆ. ಇಳಿಯುವಾಗ ಹಾಗಲ್ಲ, ಅದು ಹಿಗ್ಗುತ್ತಲೇ ಬಲ ಹಾಕಬೇಕು. ಭಾರದ ಬುಟ್ಟಿಯನ್ನು ಬಾವಿಗೆ ಇಳಿಬಿಡುವವನು ಹಗ್ಗವನ್ನು ಸಡಿಲಿಸುತ್ತಲೇ ಬಿಗಿಹಿಡಿದಿರುತ್ತಾನಲ್ಲ, ಹಾಗೆ. ಈ ಬಗೆಯ ಕೆಲಸಕ್ಕೆ ಉಸಿರು ಕಟ್ಟುವುದಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ. ಮೋಸ ಇರುವುದೇ ಇಲ್ಲಿ. ದಣಿವಿನ ಸೂಚನೆ ಕಾಣದಿರುವಾಗಲೇ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಹರಿತಗಳು ಉಂಟಾಗುತ್ತಿರುತ್ತವೆ. ಒಂದೆರಡು ತಾಸಿನ ನಂತರ ಮೊಣಕಾಲು ನಡುಗಲು ಶುರುವಾದಾಗ ಇನ್ನೂ ಅರ್ಧಕ್ಕಿಂತ ಹೆಚ್ಚು ದಾರಿ ಬಾಕಿ ಇರುತ್ತದೆ. ಚಿಕ್ಕ ಚಿಕ್ಕ ಹೆಜ್ಜೆ ಇಡುವುದು, ಮೊಣಕಾಲನ್ನು ತುಸು ಬಗ್ಗಿಸಿಕೊಂಡಿರುವುದು, ಕೈಯಲ್ಲೊಂದು ಊರುಗೋಲು: ಬೆಟ್ಟದ ಕುರುಬರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಳಿತ ಕಡಿಮೆಯಾಗುವ ಹೊತ್ತಿಗೆ ತೊರೆಯ ಪಾತ್ರ ಜೊತೆಯಾಗುತ್ತದೆ. ಪಾತ್ರ ಎನ್ನಬೇಕೇ ಹೊರತು ತೊರೆ ಎನ್ನಲಾಗದು. ಬೇಸಿಗೆಯಲ್ಲಿ ಒಂದು ಕಡೆ ಜುಳುಜುಳು ಹರಿಯುವ ನೀರು ನೂರು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಬೆಣಚುಗುಂಡುಗಳ ನಡುವೆ ಇಂಗಿಹೋಗಿರುತ್ತದೆ. ಮತ್ತೆಲ್ಲೋ ದೂರದಲ್ಲಿ ಏಳುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ. ಸುಣ್ಣಕಲ್ಲು ಆಮ್ಲಕ್ಕೆ ಕರಗುವಂಥದ್ದು. ಲಕ್ಷಾಂತರ ವರ್ಷಗಳಲ್ಲಿ ಬಿರುಕುಗಳು ಕೊಳವೆಗಳಾಗಿ, ಕೊಳವೆಗಳು ಗವಿಗಳಾಗಿ, ಬೆಟ್ಟದ ಒಳಗೆಲ್ಲ ನೀರಿನ ಗುಪ್ತ ಮಾರ್ಗಗಳಾಗಿವೆ. ಮೇಲೆ ಬಾಯಾರಿದ ಬೆಟ್ಟ, ಒಳಗೆ ನೀರಿನ ಕಣಜ. ಹಾದಿಯ ಮೇಲ್ಭಾಗದಲ್ಲಿ ಅಲ್ಲಲ್ಲಿ ತಣ್ಣನೆಯ ಊಟೆಗಳಿವೆ. ನೀರು ಎಲ್ಲಿದೆಯೆಂದು ಕಂಡುಹಿಡಿಯಲು ಪ್ಲೇನ್ ಮರಗಳನ್ನು ನೋಡಿದರೂ ಸಾಕು. ಅಗಲವಾದ ಹಸಿರೆಲೆಯ ಈ ಮರ ಬೇರಿಗೆ ನೀರು ತಾಗದ ಕಡೆ ನಿಲ್ಲುವುದಿಲ್ಲ.

ಉಳಿದ ಗಿಡಮರಗಳ ಕತೆ ಬೇರೆ. ಮೆಡಿಟರೇನಿಯನ್ ಸೀಮೆಯಲ್ಲಿ ಮಳೆ ಚಳಿಗಾಲದ್ದು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹನಿ ಬೀಳುವುದಿಲ್ಲ. ಬಿಸಿಲೂ ಬರವೂ ಒಟ್ಟಿಗೇ ಬರುವ ಇಂಥ ಕಡೆ ಬದುಕಲು ಎಲೆಗಳು ಚಿಕ್ಕದಾಗಿ, ಗಡುಸಾಗಿ, ಮೇಣ ಬಳಿದಂತೆ ಇರಬೇಕು. ಮೇಲ್ಗಡೆ ಸೈಪ್ರಸ್ ಮತ್ತು ಪೈನ್, ಬಂಡೆಗಳ ಮೇಲೆ ಮುಳ್ಳೆಲೆಯ ಕುಳ್ಳ ಓಕ್, ಎಲ್ಲೆಲ್ಲೂ ಸುಗಂಧದ ಎಣ್ಣೆಯಿರುವ ಪೊದೆಗಳು. ಕೆಳಗಿಳಿದಂತೆ ತೊರೆಯ ಪಾತ್ರದಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟ ಪೊದೆಯೊಂದು ಕಾಣಸಿಗುತ್ತದೆ. ಕರ್ನಾಟಕದವರು ಯಾರಾದರೂ ಅಲ್ಲಿ ನಡೆದರೆ ಗುರುತು ಹಿಡಿಯದೆ ಇರಲಾರರು. ಅದು ನಮ್ಮ ದೇವರ ಪೂಜೆಯ ಕಣಗಿಲೆ! ನಾವು ಹಿತ್ತಿಲಲ್ಲಿ ನೆಟ್ಟು ಬೆಳೆಸುವ ಗಿಡ ಅಲ್ಲಿ ಹಳ್ಳದ ದಂಡೆಯಲ್ಲಿ ತಾನೇ ಬೆಳೆಯುತ್ತದೆ. ಇಡೀ ಗಿಡ ವಿಷವಾದ್ದರಿಂದ ಆಡುಗಳು ಅದಕ್ಕೆ ಬಾಯಿ ಹಾಕುವುದಿಲ್ಲ.

ಬಂಡೆಯ ಬಿರುಕುಗಳಲ್ಲಿ ಬೆಳೆಯುವ ಡಿಟ್ಟನಿ ಎಂಬ ಪುಟ್ಟ ಗಿಡ ಕ್ರೀಟ್ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದು. ಬೂದಿ ಬಣ್ಣದ ತುಪ್ಪಳದಂಥ ಎಲೆ, ತುಳಸಿಯ ಕುಟುಂಬ. ಬಾಣ ತಾಗಿದ ಕಾಡು ಆಡುಗಳು ಇದನ್ನು ಮೇಯ್ದರೆ ಬಾಣ ತಾನಾಗಿ ಉದುರುತ್ತದೆಂಬ ನಂಬಿಕೆಯನ್ನು ಅರಿಸ್ಟಾಟಲನೇ ಬರೆದಿಟ್ಟಿದ್ದಾನೆ. ಆತ ಪರೀಕ್ಷಿಸಿ ನೋಡಿರಲಾರ.

ಆ ಆಡುಗಳು ಮಾತ್ರ ಇಂದಿಗೂ ಇವೆ. ಕ್ರಿ-ಕ್ರಿ ಎಂದು ಹೆಸರು. ಹಿಂದಕ್ಕೆ ಬಾಗಿದ ದೊಡ್ಡ ಕೊಂಬು. ಸಾವಿರಾರು ವರ್ಷಗಳ ಹಿಂದೆ ದ್ವೀಪಕ್ಕೆ ಮನುಷ್ಯರು ತಂದ ಆಡುಗಳೇ ತಪ್ಪಿಸಿಕೊಂಡು ಕಾಡು ಸೇರಿದ ಸಂತತಿ ಇದು ಎಂಬುದು ವಿಜ್ಞಾನಿಗಳ ಅಭಿಪ್ರಾಯ. 1960ರ ಹೊತ್ತಿಗೆ ಇವುಗಳ ಸಂಖ್ಯೆ ಇನ್ನೂರಕ್ಕಿಂತ ಕಡಿಮೆಯಾಗಿತ್ತು. ಇವುಗಳ ರಕ್ಷಣೆ ಮುಖ್ಯ ಉದ್ದೇಶವಾಗಿ 1962ರಲ್ಲಿ ಕಮರಿ ರಾಷ್ಟ್ರೀಯ ಉದ್ಯಾನವಾಯಿತು. 1981ರಲ್ಲಿ ಯುನೆಸ್ಕೊದ ಜೀವಗೋಳ ಮೀಸಲು ಪಟ್ಟಿಗೂ ಸೇರಿತು.

ಆದರೆ ಕಮರಿಯ ನಡುವೆ ಮನುಷ್ಯರೂ ಇದ್ದರು. ಏಳು ಕಿಲೋಮೀಟರ್ ದಾಟಿದ ಮೇಲೆ ಸಿಗುವ ಸಮರಿಯಾ ಹಳ್ಳಿಯ ಕಲ್ಲುಮನೆಗಳು ಈಗಲೂ ನಿಂತಿವೆ. ಮರ ಕಡಿದು, ಆಡು ಸಾಕಿ, ಜೇನು ಇಳಿಸಿ ಬದುಕಿದ ಊರು. ಅಲ್ಲೇ ಹತ್ತಿರ ಈಜಿಪ್ಟಿನ ಸಂತ ಮೇರಿಯ 14ನೆಯ ಶತಮಾನದ ಪುಟ್ಟ ಇಗರ್ಜಿ. ‘ಓಸಿಯಾ ಮರಿಯಾ’ ಎಂಬ ಆಕೆಯ ಹೆಸರೇ ಜನರ ಬಾಯಲ್ಲಿ ಸಮರಿಯಾ ಆಯಿತು. 1770ರಲ್ಲಿ ತುರ್ಕರ ವಿರುದ್ಧ ದಂಗೆಯೆದ್ದಾಗ ಸುತ್ತಲಿನ ಹೆಂಗಸರು ಮಕ್ಕಳು ಅಡಗಿದ್ದು ಇದೇ ಕಣಿವೆಯಲ್ಲಿ. ಶತಮಾನಗಳ ಕಾಲ ಬೇರೆಯವರಿಗೆ ಆಸರೆ ಕೊಟ್ಟ ಆ ಊರು 1962ರಲ್ಲಿ ಉದ್ಯಾನಕ್ಕಾಗಿ ಖಾಲಿಯಾಯಿತು. ಆಡಿಗೆ ಜಾಗ ಮಾಡಿಕೊಡಲು ಆಡು ಕಾಯುವವನು ಹೊರಡಬೇಕಾಯಿತು. ಸಾಕಿದ ಆಡುಗಳ ಜೊತೆ ಬೆರೆತು ಕ್ರಿ-ಕ್ರಿಯ ತಳಿ ಕೆಡುತ್ತದೆಂಬ ವಾದದಲ್ಲಿ ಸತ್ಯವಿದೆ, ಆ ಭಯ ಇವತ್ತಿಗೂ ಇದೆ. ಆದರೂ ಖಾಲಿ ಮನೆಗಳ ನೆರಳಲ್ಲಿ ಬುತ್ತಿ ಬಿಚ್ಚುವ ಪ್ರವಾಸಿಗರನ್ನೂ, ಅವರ ಕೈಯತ್ತ ಕತ್ತು ಚಾಚಿ ನಿಲ್ಲುವ ಕಾಡು ಆಡುಗಳನ್ನೂ ಒಟ್ಟಿಗೆ ನೋಡಿದರೆ, ಕಾಡಿನ ಸ್ವಭಾವ ಉಳಿಸುವುದಕ್ಕೆ ಊರು ಎಬ್ಬಿಸಿದ್ದೊಂದೇ ಸಾಲದೆಂದು ಅನ್ನಿಸದಿರದು.

ಕಾಲು ಉಳುಕಿದವರಿಗೆ ಈ ಕಮರಿಯೊಳಗೆ ವಾಹನವಿಲ್ಲ. ಹೇಸರಗತ್ತೆಯ ಬೆನ್ನೇ ಗತಿ. ಇನ್ನೊಂದು ಅಪಾಯ ತಲೆಯ ಮೇಲಿನದು. ಕಲ್ಲು ಉರುಳುವ ಜಾಗಗಳಲ್ಲಿ ‘ನಿಲ್ಲದೆ ಬೇಗ ನಡೆಯಿರಿ’ ಎಂಬ ಫಲಕಗಳಿವೆ. ಮೇಲೆ ಆಡು ಓಡಾಡಿದರೂ ಸಾಕು, ಗಾಳಿ ಬೀಸಿದರೂ ಸಾಕು. ಮಳೆ ಬಂದರಂತೂ ಬಾಗಿಲೇ ಮುಚ್ಚುತ್ತಾರೆ. ಸಾಮಾನ್ಯವಾಗಿ ಮೇ ಮೊದಲಿನಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ಪ್ರವೇಶ. ಅಷ್ಟು ಕಟ್ಟುನಿಟ್ಟು ಏಕೆಂಬುದು ಸುಮಾರು 11 ಕಿ.ಮೀ. ನಡೆದ ಮೇಲೆ ತಿಳಿಯುತ್ತದೆ.

ಅಲ್ಲಿರುವುದು ಪೋರ್ತೆಸ್, ಬಾಗಿಲುಗಳು. ಇನ್ನೊಂದು ಹೆಸರು ಕಬ್ಬಿಣದ ಬಾಗಿಲು. ಎರಡೂ ಕಡೆ ಸುಮಾರು 300 ಮೀಟರ್ ಎತ್ತರದ ಗೋಡೆ, ನಡುವಿನ ಅಂತರ ಮೂರು ನಾಲ್ಕು ಮೀಟರ್. ಗೋಡೆಯಲ್ಲಿ ಕಲ್ಲಿನ ಪದರಗಳು ಮಡಿಚಿಟ್ಟ ಕಂಬಳಿಯಂತೆ ಬಾಗಿ ಬಳುಕಿವೆ. ಆಫ್ರಿಕಾದ ಭೂಫಲಕ ಉತ್ತರಕ್ಕೆ ನುಗ್ಗಿ ಕ್ರೀಟ್‌ನ ಅಡಿಗೆ ತೂರುತ್ತಿರುವುದರಿಂದ ದ್ವೀಪವೇ ಮೇಲೇಳುತ್ತಿದೆ. ನೆಲ ಏಳುತ್ತಿದ್ದಂತೆ ತೊರೆ ಅದನ್ನು ಕೊರೆಯುತ್ತ ತನ್ನ ಮಟ್ಟ ಕಾಯ್ದುಕೊಂಡಿತು. ಬೆಟ್ಟಗಳ ಮಳೆಯೆಲ್ಲ ಈ ಒಂದು ಸಂದಿಯಿಂದಲೇ ಸಮುದ್ರ ಸೇರಬೇಕೆಂದರೆ, ಜಡಿಮಳೆಯ ದಿನ ಇಲ್ಲಿ ಸಿಕ್ಕಿಕೊಂಡವನಿಗೆ ಪಕ್ಕಕ್ಕೆ ಸರಿಯಲು ಜಾಗವೆಲ್ಲಿ?

ಸಂದಿ ದಾಟಿದ ಮೇಲೆ ಕಣಿವೆ ಬಿಚ್ಚಿಕೊಳ್ಳುತ್ತದೆ, ಬಿಸಿಲು ಎರಗುತ್ತದೆ. ಒಂದು ಸಾವಿರ ಮೀಟರ್ ಇಳಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಏರುವುದು ನಿಯಮ. ಮುಂಜಾನೆ ಸ್ವೆಟರ್ ಹಾಕಿಕೊಂಡು ಹೊರಟವನು ಸುಮಾರು ಎಂಟು ಡಿಗ್ರಿ ಹೆಚ್ಚು ಕಾವಿರುವ ತಳವನ್ನು, ಅದೂ ನಡುಮಧ್ಯಾಹ್ನದ ಹೊತ್ತಿಗೆ, ಮುಟ್ಟುತ್ತಾನೆ. ಉದ್ಯಾನದ ಬಾಗಿಲಾಚೆಯ ಸುಮಾರು ಮೂರು ಕಿಲೋಮೀಟರ್ ಕಾಗದದ ಮೇಲೆ ಸಮತಟ್ಟು. ಕಾಲಿಗೆ ಅದೇ ಅತಿ ಉದ್ದದ್ದು.

ಕೊನೆಗೆ ಲಿಬ್ಯನ್ ಸಮುದ್ರ, ಆಯಿಯಾ ರೂಮೆಲಿ ಎಂಬ ಪುಟ್ಟ ಊರು. ಪ್ರಾಚೀನ ತಾರ‍್ರಾ ಪಟ್ಟಣ ಇದ್ದದ್ದು ಇಲ್ಲೇ. ಅದರ ನಾಣ್ಯಗಳ ಒಂದು ಮುಖದಲ್ಲಿ ಕಾಡು ಆಡಿನ ತಲೆ, ಇನ್ನೊಂದರಲ್ಲಿ ಜೇನುನೊಣ. 1941ರ ಮೇ ತಿಂಗಳಲ್ಲಿ ಜರ್ಮನರು ದ್ವೀಪದ ಮೇಲೆ ದಾಳಿ ಮಾಡಿದಾಗ ಗ್ರೀಸ್‌ನ ದೊರೆ ಎರಡನೆಯ ಜಾರ್ಜ್ ಬಿಳಿ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ದಾಟಿ, ಈ ದಡದಿಂದಲೇ ಬ್ರಿಟಿಷ್ ಯುದ್ಧನೌಕೆ ಹತ್ತಿ ಪಾರಾದ. ಊರಿಗೆ ಮೋಟಾರು ರಸ್ತೆ ಇಲ್ಲ. ದೊರೆಯಂತೆ ಎಲ್ಲರೂ ಹಡಗನ್ನೇ ಕಾಯಬೇಕು. ಸಂಜೆಯ ಹಡಗು ತಪ್ಪಿದರೆ ಅಲ್ಲೇ ರಾತ್ರಿ ಕಳೆಯಬೇಕು. ಹೀಗಾಗಿ ದಾರಿಯುದ್ದಕ್ಕೂ ಗಡಿಯಾರ ನೋಡುತ್ತ ನಡೆಯುವವರೇ ಹೆಚ್ಚು. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆಯೇ ಹೊರಟವರಿಗೆ ಆ ಗಾಬರಿಯಿಲ್ಲ. ಅವರು ಆಗಲೇ ಬೂಟು ಕಳಚಿ ಕಾಲನ್ನು ಸಮುದ್ರಕ್ಕೆ ಇಳಿಬಿಟ್ಟಿರುತ್ತಾರೆ.

ಆ ಸಂಜೆ ಯಾರಿಗೂ ಅಷ್ಟೇನೂ ನೋವಿರುವುದಿಲ್ಲ. ಇಳಿಜಾರಿನ ನೋವು ಮರುದಿನ ಶುರುವಾಗಿ, ಅದರ ಮರುದಿನ ತಾರಕಕ್ಕೇರುತ್ತದೆ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಹಿಂದೆ ಹೇಳುತ್ತಿದ್ದರು. ಅದು ಸರಿಯಲ್ಲ, ಆ ಆಮ್ಲ ನಡಿಗೆ ನಿಂತ ಒಂದೆರಡು ತಾಸಿನಲ್ಲೇ ರಕ್ತದಿಂದ ಕಡಿಮೆಯಾಗಿರುತ್ತದೆ. ನೋಯುವುದು ಹರಿದ ಸಣ್ಣ ಎಳೆಗಳ ಸುತ್ತ ನಡೆಯುವ ರಿಪೇರಿ ಕೆಲಸ. ರಿಪೇರಿಯಾದ ಸ್ನಾಯು ಮೊದಲಿಗಿಂತ ಗಟ್ಟಿಯಾಗುತ್ತದೆ. ಕೆಲವು ವಾರಗಳೊಳಗೆ ಮತ್ತೆ ಅದೇ ಹಾದಿ ಇಳಿದರೆ ನೋವು ಎಷ್ಟೋ ಕಡಿಮೆ. ಹಾನ್ಯಾದ ಹೋಟೆಲುಗಳಲ್ಲಿ ಮಾತ್ರ, ಸಮರಿಯಾ ನಡೆದು ಎರಡು ದಿನವಾದ ಅತಿಥಿ ಯಾರೆಂದು ಕೇಳಬೇಕಾಗಿಲ್ಲ. ಮೆಟ್ಟಿಲನ್ನು ಸಲೀಸಾಗಿ ಹತ್ತಿ, ಇಳಿಯುವಾಗ ಕಟಕಟೆ ಹಿಡಿದು ಏಡಿಯಂತೆ ಅಡ್ಡಡ್ಡ ಬರುವವನೇ ಆತ.